ಅರ್ಧಕ್ಕೆ ನಿಂತ ಹರಕೆ

ಮಾದಪ್ಪನ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನನ್ನ ಸೊಂಟ ಹೋದ ಕಥೆಯನ್ನು ನಿಮಗೆ ಹೇಳಬೇಕು. ಕೇಳಿ ಸಂತೋಷಪಡುವಂಥದ್ದು ಇದರಲ್ಲಿ ಕಡಿಮೆ. ದೇವರು ಕಾಪಾಡಿದ ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಆದರೆ ಅವನು ಕಾಪಾಡಿದ ರೀತಿಯನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ನಾನು ಯಳಂದೂರು ತಾಲ್ಲೂಕಿನ ಹೊನ್ನೂರಿನವಳು, ಹೆಸರು ಮಾದೇವಿ. ಹನ್ನೊಂದು ವರ್ಷ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವಳು. ನಮ್ಮ ಯಜಮಾನರು ಸಿದ್ದರಾಜು ಹೊನ್ನೂರಿಂದ ಯಳಂದೂರಿಗೆ ಆಟೋ ಓಡಿಸುತ್ತಾರೆ. ಕೆಲಸದಲ್ಲಿ ನನ್ನನ್ನು ಯಾರೂ ಮೀರಿಸಬಾರದು ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇತ್ತು. ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು. ಜೊತೆಯವಳು ಸೆರಗು ಸಿಕ್ಕಿಸಿಕೊಂಡು ಬರುವಷ್ಟರಲ್ಲಿ ನಾನೊಬ್ಬಳೇ ಇಳಿಸಿ ಮುಗಿಸಿರುತ್ತಿದ್ದೆ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಹಾಗೆ ಇಳಿಸುವಾಗ ಸೊಂಟದಲ್ಲಿ ಚಟ್ ಎಂದಿತು. ನೋವು ಬಲಗಾಲಿನ ಹಿಂಬದಿಯಿಂದ ಹೆಬ್ಬೆರಳವರೆಗೆ ಇಳಿಯಿತು. ಎಣ್ಣೆ ತಿಕ್ಕಿಸಿಕೊಂಡೆ, ಶಾಖ ಕೊಟ್ಟೆ, ಕೊಳ್ಳೇಗಾಲಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ. ಯುಗಾದಿಯ ಒಬ್ಬಟ್ಟನ್ನು ನಿಂತುಕೊಂಡೇ ತಟ್ಟಿದೆ, ಕೂರಲು ಆಗುತ್ತಿರಲಿಲ್ಲ. ಹಬ್ಬ ಕಳೆದ ವಾರಕ್ಕೆ ಮೂತ್ರ ಕಟ್ಟಿತು. ಮೈಸೂರಿನ ಆಸ್ಪತ್ರೆಯವರು ಸ್ಕ್ಯಾನಿಂಗ್ ನೋಡಿ, ಡಿಸ್ಕ್ ಜಾರಿ ನರವನ್ನು ಒತ್ತಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು.

ಒಳಗೆ ತಳ್ಳಿಕೊಂಡು ಹೋಗುವಾಗ ಹರಕೆ ಹೊತ್ತೆ. "ಮಾದಪ್ಪ, ನನ್ನ ಎರಡು ಕಾಲ ಮ್ಯಾಲೆ ನನ್ನ ನಿಲ್ಸಪ್ಪ. ನಿನ್ನ ಬೆಟ್ಟಕ್ಕೆ ಬಂದು ಗುಡಿ ಸುತ್ತ ಮೂರು ಸುತ್ತು ರಜ ಹೊಡೀತೀನಿ." ರಜ ಹೊಡೆಯುವುದು ಎಂದರೆ ಪೊರಕೆ ಹಿಡಿದು ದೇವಸ್ಥಾನದ ಸುತ್ತ ಗುಡಿಸಿಕೊಂಡು ಬರುವ ಸೇವೆ. ನಮ್ಮ ಕಡೆಯ ಹೆಂಗಸರು ಹಿಂದಿನಿಂದ ಮಾಡಿಕೊಂಡು ಬಂದದ್ದು. ಬೆನ್ನು ಹೋದವಳು ಬೆನ್ನು ಬಗ್ಗಿಸುವ ಹರಕೆಯನ್ನೇ ಹೊತ್ತೆನಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಎಬ್ಬಿಸಿ ನಡೆಸಿದರು. ಕಾಲಿನ ನೋವು ಮಾಯವಾಗಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದರು. ಆರು ವಾರ ಬಗ್ಗಬಾರದು, ಭಾರ ಎತ್ತಬಾರದು, ನೆಲದ ಮೇಲೆ ಕೂರಬಾರದು. ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳಬೇಕು. ಮೊದಲು ಐದು ನಿಮಿಷ ನಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಕೊನೆಗೆ, "ನೋವಿಲ್ಲ ಅಂದ ಮಾತ್ರಕ್ಕೆ ವಾಸಿಯಾಯ್ತು ಅಂತಲ್ಲಮ್ಮ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ.

ಹತ್ತನೆಯ ದಿನಕ್ಕೆ ಒಲೆ ಮುಂದೆ ನಿಂತಿದ್ದೆ. ಹದಿನೈದನೆಯ ದಿನಕ್ಕೆ ಕೊಡ ಎತ್ತಿದೆ. ನೋಡಲು ಬಂದವರೆಲ್ಲ ಉಬ್ಬಿಸಿದರು. ಪಕ್ಕದ ಮನೆಯ ಪುಟ್ಟಮ್ಮ, "ಆಪ್ರೇಸನ್ ಆದೋಳು ಅಂತ ಯಾರಾರ ಅಂದಾರಾ? ಮಾದಪ್ಪ ಕಣ್ಬುಟ್ಟವ್ನೆ ಕನವ್ವ" ಎಂದಳು. ಆ ಮಾತು ನನಗೆ ಮಾತ್ರೆಗಿಂತ ಚೆನ್ನಾಗಿ ಹಿಡಿಯಿತು. ನಮ್ಮ ಯಜಮಾನರು ಮಾತ್ರ, "ಲೇ, ಒಂದ್ಗಳಿಗೆ ಮಲೀಕಳೇ. ಡಾಕ್ಟ್ರು ಏನಂದ್ರು, ನೀ ಏನ್ ಮಾಡ್ತಾ ಇದ್ದೈ?" ಎಂದು ಬೈಯುತ್ತಿದ್ದರು. "ನನ್ ಸೊಂಟ ನಂಗೊತ್ತು, ನೀವು ನಿಮ್ಮ ಆಟೋ ನೋಡ್ಕಳಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಬೇಸಿಗೆ ಮುಗಿದು ಶಾಲೆ ಶುರುವಾಗುವುದರೊಳಗೆ ಹರಕೆ ತೀರಿಸಿ, ಮತ್ತೆ ಅನ್ನದ ಪಾತ್ರೆ ಹಿಡಿಯಬೇಕು ಎಂಬುದು ನನ್ನ ಲೆಕ್ಕ. ಆಪರೇಷನ್ ಆದ ಇಪ್ಪತ್ತೆರಡನೆಯ ದಿನ ಅಮಾವಾಸ್ಯೆ ಬಿತ್ತು. ಯಜಮಾನರು ಬೇಡವೆಂದರು. ಹರಕೆಗೆ ಅಡ್ಡ ಬಂದರೆ ನಿಮಗೇ ಕೆಡುಕು ಎಂದು ಹೆದರಿಸಿ ಹೊರಡಿಸಿದೆ. ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸಿಗೆ ಕಾಲಿಡಲು ಜಾಗವಿರಲಿಲ್ಲ. ಹನೂರಿನಲ್ಲಿ ಯಾರೋ ಇಳಿದು ಸೀಟು ಖಾಲಿಯಾದಾಗಲೂ, ನಿಂತೇ ಬರುತ್ತೇನೆ ಎಂದು ಹಟ ಮಾಡಿದೆ. ಘಾಟಿಯ ತಿರುವುಗಳಲ್ಲಿ ಬಸ್ಸು ಎಡಕ್ಕೂ ಬಲಕ್ಕೂ ವಾಲುವಾಗ ಸೊಂಟದಲ್ಲಿ ಸಣ್ಣಗೆ ಉರಿ ಶುರುವಾಗಿತ್ತು. ಮಾದಪ್ಪನ ಸನ್ನಿಧಿಗೆ ಹೋಗುವಾಗ ಉರಿ ಏನು ಮಾಡೀತು ಎಂದುಕೊಂಡೆ.

ಬೆಟ್ಟದಲ್ಲಿ ಇಳಿದವಳೇ ಪೊರಕೆ ಹಿಡಿದೆ, ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನ ಅರ್ಧಕ್ಕೆ ಬಂದಿದ್ದೆ. ಪೊರಕೆಯನ್ನು ಮುಂದಕ್ಕೆ ಎಳೆದೆ, ಅಷ್ಟೇ ಗೊತ್ತು. ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದೆ. ಸೊಂಟದ ಕೆಳಗೆ ಯಾರೋ ಕುದಿಯುವ ನೀರು ಹುಯ್ದ ಹಾಗೆ ಆಯಿತು, ಆಮೇಲೆ ಬಲಗಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಜನ ಓಡಿ ಬಂದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಎರಡೂ ಕಾಲು ಹಿಡಿದ. ಪಾಪ, ಅವರು ಒಳ್ಳೆಯದಕ್ಕೇ ಬಂದವರು. ಅಷ್ಟರಲ್ಲಿ ಒಂದು ಹೆಂಗಸಿನ ಗಂಟಲು ಕೇಳಿತು.

"ತೂಕ್ಕಾದೀಂಗ! ಎತ್ತಬ್ಯಾಡಿ! ಕಾಲು ಬುಡಯ್ಯಾ, ಬುಡು ಅಂದ್ರೆ!"

ಅವಳೂ ರಜ ಹೊಡೆಯಲು ಬಂದವಳೇ, ತಮಿಳು ಬೆರೆತ ಮಾತು. ಎತ್ತಲು ಬಂದವರ ಕೈಗೆ ಪೊರಕೆಯಿಂದಲೇ ಬಾರಿಸಿದಳು ಎಂದು ಯಜಮಾನರು ಆಮೇಲೆ ಹೇಳಿದರು. ಅಂಗಡಿಯೊಂದರಿಂದ ಹಲಗೆ ತರಿಸಿ, ನಾಲ್ಕು ಜನರನ್ನು ನನ್ನ ಪಕ್ಕ ಕೂರಿಸಿ, ನನ್ನನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಿದಳು. ಆಂಬುಲೆನ್ಸ್ ಬರುವ ತನಕ ನನ್ನ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡಿದ್ದಳು. ನಾನು ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ. ದಾರಿಯುದ್ದಕ್ಕೂ ಮಾದಪ್ಪನನ್ನು ಬೈಯುತ್ತಾ ಹೋದೆ.

ಮೈಸೂರಿನಲ್ಲಿ ಮತ್ತೆ ಕೊಯ್ದರು. ಅದೇ ಜಾಗದಲ್ಲಿ ಡಿಸ್ಕಿನ ಇನ್ನೊಂದು ಚೂರು ಹೊರಬಂದು ನರವನ್ನು ನುಜ್ಜುಮಾಡಿತ್ತು. ಎಚ್ಚರವಾದ ಮೇಲೆ ಬಲಪಾದ ಮೇಲಕ್ಕೆ ಏಳಲಿಲ್ಲ. "ನರಕ್ಕೆ ಜೀವ ಬರಬಹುದು, ಬಾರದೆಯೂ ಇರಬಹುದು. ತಿಂಗಳುಗಟ್ಟಲೆ ಕಾಯಬೇಕು" ಎಂದರು ಡಾಕ್ಟರು. ಆಮೇಲೆ ಯಜಮಾನರನ್ನು, ಅಲ್ಲಿಂದ ಹೇಗೆ ತಂದಿರಿ ಎಂದು ಕೇಳಿದರು. ಹಲಗೆಯ ವಿಷಯ ಹೇಳಿದಾಗ, "ಮಡಚಿ ಎತ್ತಿದ್ದರೆ ಇನ್ನೂ ಏನೇನಾಗ್ತಿತ್ತೋ" ಎಂದರು. ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮುಂದಿನ ಮೂರು ತಿಂಗಳನ್ನು ನನ್ನ ವೈರಿಗೂ ಕೊಡಬೇಡಪ್ಪ ಎನ್ನುತ್ತೇನೆ. ನಾಲ್ಕು ಹೆಜ್ಜೆ ಇಟ್ಟರೆ ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯುತ್ತಿತ್ತು, ನನಗೆ ತಿಳಿಯುತ್ತಲೇ ಇರಲಿಲ್ಲ. ಮಕ್ಕಳಿಗೆ ಬಡಿಸಿದ ಕೈಗೆ ಯಜಮಾನರು ಕಲಸಿದ ಅನ್ನ ಕೊಡಬೇಕು, ಎಬ್ಬಿಸಿ ಕೂರಿಸಬೇಕು, ಹೇಳಬಾರದ್ದನ್ನೆಲ್ಲ ತೊಳೆಯಬೇಕು. ಶಾಲೆಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಳು. ಕಣ್ಬುಟ್ಟವ್ನೆ ಎಂದಿದ್ದ ಅದೇ ಪುಟ್ಟಮ್ಮ ಜಗಲಿಯಲ್ಲಿ ಕೂತು, "ಅರ್ಧಕ್ಕೇ ಬುಟ್ಬಂದ್ಲಲ್ಲ, ಅದ್ಕೇ ಇಂಗಾಯ್ತು" ಎನ್ನುತ್ತಿದ್ದಳು. ನಾನು ವಿಭೂತಿ ಇಟ್ಟುಕೊಳ್ಳುವುದನ್ನು ಬಿಟ್ಟೆ. ಸತ್ತರೆ ಸಾಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಕೋಪ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಉಳಿದ ಹರಕೆಗೆ ಇನ್ನೊಂದು ಕಾಲನ್ನೂ ಕಿತ್ತುಕೊಳ್ಳುತ್ತಾನೇನೋ ಎಂದು ನಡುಗುತ್ತಿದ್ದೆ.

ಭೀಮನ ಅಮಾವಾಸ್ಯೆ ಬಂತು. ಗಂಡನ ಪಾದ ತೊಳೆಯಬೇಕಾದ ದಿನ ಗಂಡನನ್ನೇ ಬೆಟ್ಟಕ್ಕೆ ಅಟ್ಟಿದೆ, ಉಳಿದ ಒಂದೂವರೆ ಸುತ್ತನ್ನು ನೀವಾದರೂ ಗುಡಿಸಿ ಮುಗಿಸಿ ಎಂದು. ಸಂಜೆ ಬಂದು ನನ್ನ ಮಂಚದ ಪಕ್ಕ ಕೂತರು.

"ಮುಗಿಸುದ್ರಾ?" ಎಂದೆ.

"ಇಲ್ಲ. ಅವತ್ತು ನಿನ್ನ ಹಲ್ಗೆ ಮ್ಯಾಲೆ ಮಲಗಿಸುದ್ಲಲ್ಲ, ಆ ಎಂಗ್ಸು ಸಿಕ್ದ್ಲು ಕನ. ಪೊರಕೆ ಕಿತ್ಕಂಡ್ಬುಟ್ಲು. ಅವ್ರ ಹರಕೆ ಅವ್ರೇ ಮಾಡ್ಲಿ, ಸಾಮಿ ನಾಳ್ ಕೇಟ್ಟಾರಾ, ಮಾದಪ್ಪ ಇಂಥಾ ದಿನ್ಕೇ ಬಾ ಅಂದಿದ್ನಾ, ಯಾಕಿಷ್ಟು ಅವಸ್ರ ಅಂತ ನಂಗೇ ಬೋದ್ಲು."

ನಾನು ಹರಕೆಯ ಮಾತುಗಳನ್ನು ನೆನಪು ಮಾಡಿಕೊಂಡೆ. ಮೂರು ಸುತ್ತು ಎಂದಿದ್ದೆ. ಯಾವ ದಿನ, ಎಷ್ಟು ದಿನದೊಳಗೆ, ಒಂದೇ ಸಲಕ್ಕೋ ಎಂದು ಹೇಳಿರಲೇ ಇಲ್ಲ. ಗಡುವು ಹಾಕಿದವಳು ನಾನು, ಬೈಸಿಕೊಂಡವನು ಮಾದಪ್ಪ.

ಯಜಮಾನರು ಇನ್ನೂ ಹೇಳುವುದಿತ್ತು. ಅವಳ ಹೆಸರು ಚಿನ್ನಪೊಣ್ಣು, ಪಾಲಾರ್ ಕಡೆಯವಳು. ಗಂಡ ಮುರುಗೇಶ ಹುಣಸೆ ಮರದಿಂದ ಬಿದ್ದಿದ್ದ. ಬಿದ್ದಾಗ ಮಾತಾಡುತ್ತಿದ್ದನಂತೆ, ಕಾಲು ಆಡಿಸುತ್ತಿದ್ದನಂತೆ. ಊರವರು ಕೈಕಾಲು ಹಿಡಿದು ಜೋಲಿಯ ಹಾಗೆ ಎತ್ತಿ ಗಾಡಿಗೆ ಹಾಕಿದರು. ಕಾಲಿನ ಕಡೆ ಹಿಡಿದವಳು ಅವಳೇ. ಆಮೇಲೆ ಸೊಂಟದ ಕೆಳಗೆ ಅಲುಗಲಿಲ್ಲ. ಆರು ವರ್ಷ ಹಾಸಿಗೆಯಲ್ಲಿದ್ದು ಬೆನ್ನೆಲ್ಲ ಹುಣ್ಣಾಗಿ ಹೋದ. ನಾನು ಬಿದ್ದ ಅಮಾವಾಸ್ಯೆಗೆ ಅವನು ಸತ್ತು ಮೂರು ತಿಂಗಳಾಗಿತ್ತು.

ಅವತ್ತು ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ. ನನ್ನ ಪ್ರಾರ್ಥನೆ ನಾನು ಬಿದ್ದ ಜಾಗದಲ್ಲೇ ಮಾದಪ್ಪನಿಗೆ ಕೇಳಿಸಿತ್ತು, ನಾನು ಬೈಯುವುದರಲ್ಲಿ ಮುಳುಗಿದ್ದೆ. ಮರುದಿನ ಬೆಳಿಗ್ಗೆ ವಿಭೂತಿ ಇಟ್ಟುಕೊಂಡೆ.

ಅಲ್ಲಿಂದ ನಾನು ನಿಧಾನ ಕಲಿಯಲು ಕೂತೆ. ಕೊಳ್ಳೇಗಾಲದಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರು ನನಗೆ ಒಂದೇ ಕಟ್ಟಳೆ ಹಾಕಿದರು: ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ, ಇನ್ನೂ ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸಬೇಕು. ಅನ್ನ ಇಳಿಸಿದ ಮೇಲೂ ಒಂದಷ್ಟು ಹೊತ್ತು ಮುಚ್ಚಿಡದಿದ್ದರೆ ಅಗುಳು ಅರಳುವುದಿಲ್ಲ ಎಂದು ಹನ್ನೊಂದು ವರ್ಷ ಜೊತೆಯವಳಿಗೆ ಹೇಳಿಕೊಟ್ಟವಳು ನಾನು, ನನ್ನ ಮೈಗೆ ಅಷ್ಟು ಹೊತ್ತು ಕೊಡಲು ಹೊಟ್ಟೆ ಉರಿಯುತ್ತಿತ್ತು. ಮನೆಯಿಂದ ಮೊದಲ ಲೈಟು ಕಂಬದವರೆಗೆ ಹೋಗಿ ಬರುವುದು, ಮಲಗುವುದು. ಎರಡು ವಾರ ಒಂದೇ ಕಂಬ. ಆಮೇಲೆ ಎರಡು. ಗದ್ದೆಗೆ ಹೋಗುವವರು, "ಯಾಕವ್ವ, ಅಲ್ಲಿಗೇ ವಾಪಸ್ಸಾ?" ಎಂದು ನಗುತ್ತಿದ್ದರು. ಒಂದು ದಿನ ಆ ನಗು ತಡೆಯಲಾರದೆ ನಾಲ್ಕು ಕಂಬ ನಡೆದುಬಿಟ್ಟೆ, ನಾಲ್ಕು ದಿನ ಏಳಲಿಲ್ಲ. ಮತ್ತೆ ಒಂದನೆಯ ಕಂಬಕ್ಕೆ ಬಂದೆ. ಕೂರುವುದು ಇಪ್ಪತ್ತು ನಿಮಿಷ, ಅದೂ ಕುರ್ಚಿಯಲ್ಲಿ. ಸೌಟು ಬಿದ್ದರೆ ಯಾರಾದರೂ ಬರುವ ತನಕ ಅದು ನೆಲದಲ್ಲೇ. ಬಿದ್ದ ಸೌಟನ್ನು ನೋಡುತ್ತಾ ಸುಮ್ಮನೆ ನಿಲ್ಲುವುದು ನನಗೆ ಆಪರೇಷನ್ನಿಗಿಂತ ಕಷ್ಟವಾಯಿತು.

ಆಯುಧಪೂಜೆಯ ದಿನ ಯಜಮಾನರು ಆಟೋ ತೊಳೆಯುತ್ತಿದ್ದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬಲಗಾಲಿನ ಹೆಬ್ಬೆರಳು ಮೇಲಕ್ಕೆ ಎದ್ದಂತೆ ಕಂಡಿತು. ಕೂಗಲಿಲ್ಲ, ನಂಬಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ನೋಡಿದೆ, ಎದ್ದಿತು. ಆಮೇಲೆ ಅವರನ್ನು ಕರೆದು ತೋರಿಸಿದೆ. ಅವರು ಒಳಗೆ ಹೋಗಿ ಮಾದಪ್ಪನ ಪಟದ ಮುಂದೆ ನಿಂತರು.

ಈ ಚಳಿಗಾಲದಲ್ಲಿ, ಡಾಕ್ಟರನ್ನು ಕೇಳಿಕೊಂಡು, ಬೆಟ್ಟಕ್ಕೆ ಹೋದೆ. ಒಂದೇ ಉಸಿರಿಗೆ ಹೋಗಲಿಲ್ಲ. ಕೊಳ್ಳೇಗಾಲದಲ್ಲಿ ಇಳಿದು ಅಡ್ಡಾಡಿದೆ. ಹನೂರಿನಲ್ಲಿ ನಾದಿನಿಯ ಮನೆಯಲ್ಲಿ ಒಂದು ದಿನ ಉಳಿದು ಮಲಗಿದೆ. ಯಜಮಾನರು ಪೊರಕೆಗೆ ಉದ್ದನೆಯ ಬಿದಿರು ಕೋಲು ಕಟ್ಟಿಕೊಟ್ಟಿದ್ದರು, ಬಗ್ಗುವ ಹಾಗಿಲ್ಲವಲ್ಲ. ಬಿದ್ದ ಜಾಗದಿಂದಲೇ ಶುರುಮಾಡಿದೆ. ಹತ್ತು ಸಲ ಗುಡಿಸುವುದು, ನಿಲ್ಲುವುದು. ಮೂಲೆಯ ತನಕ ಹೋಗುವಷ್ಟರಲ್ಲಿ ಇನ್ನೂ ಆಗುತ್ತದೆ ಅನ್ನಿಸಿತು, ಆದ್ದರಿಂದ ನಿಲ್ಲಿಸಿದೆ.

ಚಿನ್ನಪೊಣ್ಣು ಪ್ರತಿ ಅಮಾವಾಸ್ಯೆಗೂ ಬರುತ್ತಾಳೆ. ಅವತ್ತೂ ಬಂದಿದ್ದಳು. ಯಜಮಾನರು ತೋರಿಸಿದರು, ಕಟ್ಟೆಯ ಮೇಲೆ ಪಕ್ಕಪಕ್ಕ ಕೂತೆವು. ಕೇಳಬಾರದಿತ್ತೇನೋ, ಕೇಳಿಬಿಟ್ಟೆ. "ಅಕ್ಕ, ನಿಮ್ಮೆಜಮಾನ್ರನ್ನ ಉಳಿಸ್ಲಿಲ್ವಲ್ಲ ಮಾದಪ್ಪ. ಕ್ವಾಪ ಇಲ್ವಾ?"

"ಇದೆ ತಾಯಿ. ಅದ್ಕೇ ಬರ್ತೀನಿ. ಕೋಪ ಇದ್ರೆ ಮನೆಗೆ ಬರಬಾರ್ದಾ?" ಎಂದಳು.

ಊರಿನಲ್ಲಿ ಈಗ ಮಾದಪ್ಪನೇ ಹೆಂಗಸಿನ ವೇಷದಲ್ಲಿ ಬಂದ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವಳು ಅವಳೇ. ಅವಳ ಗಂಡ ಸತ್ತದ್ದರಿಂದ ಅವಳಿಗೆ ಗೊತ್ತಾದದ್ದು ನನ್ನನ್ನು ಉಳಿಸಿತು. ಅವಳನ್ನು ಆ ಹೊತ್ತಿಗೆ ನನ್ನ ಪಕ್ಕದಲ್ಲಿ ಗುಡಿಸಲು ಹಚ್ಚಿದವನು ಮಾದಪ್ಪ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಮುರುಗೇಶ ಯಾಕೆ ಬೀಳಬೇಕಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ದಿನಾ ಮಾದಪ್ಪನನ್ನೇ ಕೇಳುತ್ತೇನೆ.

ಹೊರಡುವಾಗ ಅವಳು ನನ್ನ ಬಲಗಾಲನ್ನೇ ನೋಡುತ್ತಿದ್ದಳು. "ಆಡ್ತದಾ?" ಎಂದಳು. ಬೆರಳುಗಳನ್ನು ಆಡಿಸಿದೆ. ಕಟ್ಟೆಯಿಂದ ಇಳಿದು ಕೆಳಗೆ ಕೂತು, ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇನ್ನೊಂದ್ ಸಲ" ಎಂದಳು. ಆಡಿಸಿದೆ. "ಇನ್ನೊಂದ್ ಸಲ" ಎಂದಳು. ಆರು ವರ್ಷ ಇನ್ನೊಬ್ಬರ ಪಾದವನ್ನು ಹಾಗೆ ಹಿಡಿದುಕೊಂಡು ಕಾದಿದ್ದವಳು. ಅವಳು ಸಾಕು ಎನ್ನುವ ತನಕ ಆಡಿಸುತ್ತಲೇ ಇದ್ದೆ.

ಹರಕೆ ಇನ್ನೂ ಒಂದು ಸುತ್ತಿನ ಮೇಲೆ ಉಳಿದಿದೆ. ಈ ವೇಗಕ್ಕೆ ವರ್ಷವಾಗಬಹುದು, ಕಾಲು ಪೂರ್ತಿ ಸರಿಹೋಗದೆಯೂ ಇರಬಹುದು. ಒಕ್ಕಲಿನವರೇ, ನೀವು ಬೆಟ್ಟಕ್ಕೆ ಹೋದಾಗ ನನ್ನ ಹೆಸರಿನಲ್ಲಿ ಏನೂ ಮಾಡಬೇಡಿ. ಪಾಲಾರಿನ ಮುರುಗೇಶ ಎಂದು ಹೇಳಿ ಒಂದು ದೀಪ ಹಚ್ಚಿ. ಉಘೇ ಮಾದಪ್ಪ.