ಬಂಗಲೆಯ ಮುಂಬಾಗಿಲು

ಸುರಪುರದ ಗುಡ್ಡದ ಮೇಲಿದ್ದ ಇಂಗ್ಲಿಷ್ ದೊರೆಯ ಬಂಗಲೆ ಕಾಲಕ್ಕೆ ಬಲಿಯಾಯಿತೆಂದು ಈಗಿನವರು ಭಾಷಣ ಮಾಡುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಕಾಲಕ್ಕೆ ಗರಗಸ ಹಿಡಿಯಲು ಬರುತ್ತಿತ್ತೇ? ಅದನ್ನು ಬಿಚ್ಚಿದವರು ಮನುಷ್ಯರು. ತೊಲೆ, ಕಿಟಕಿಗಳನ್ನು ಶಹಾಪುರದ ಮೇಲೆ ಹಾಯ್ದು ಯಾದಗಿರಿ ಸ್ಟೇಷನ್ನಿಗೆ ಬಂಡಿಯಲ್ಲಿ ಸಾಗಿಸಿದವರಲ್ಲಿ ನನ್ನಪ್ಪನೂ ಒಬ್ಬ.

ಅವ್ವ ಅಲ್ಲಿ ಅಂಗಳ, ಹಿತ್ತಲುಗಳ ಕಸ ಗುಡಿಸುತ್ತಿದ್ದಳು. ಅವಳು ಹುಟ್ಟುವ ಎಷ್ಟೋ ಮೊದಲೇ ದೊರೆ ಊರು ಬಿಟ್ಟಿದ್ದ, ಆಮೇಲೆ ಅಲ್ಲಿ ನಿಜಾಮನ ಸರ್ಕಾರದ ಸಾಹೇಬರು ಬಂದು ಇಳಿಯತೊಡಗಿದರು. ಟೊಪ್ಪಿಗೆ ಬದಲಾಯಿತು, ಕಾಯದೆ ಬದಲಾಗಲಿಲ್ಲ. ಆಳುಗಳು ಹಿಂದಿನ ಬಾಗಿಲಿಂದ ಬರಬೇಕು, ಅಡುಗೆಮನೆ ದಾಟಬಾರದು. ಮುಂಬಾಗಿಲಿನ ಹೊರಮೈಗೆ ಸಿಂಹದ ಮುಖದ ಹಿತ್ತಾಳೆ ಹಿಡಿಕೆಯಿತ್ತು. ಹೊರಗೆ ನಿಂತು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಅವ್ವನ ಪಾಲು. ಬೆರಳು ಸವೆದವು, ಬಾಗಿಲು ಅವಳಿಗೆಂದೂ ತೆರೆಯಲಿಲ್ಲ.

"ಒಂದ್ಸಲ ಮುಂದಿನ ಬಾಗ್ಲದಾಗಿಂದ ಒಳಗ ಹೋಗಿ, ಆ ದೊಡ್ಡ ಖೋಲಿ ಹ್ಯಾಂಗೈತಿ ನೋಡಬೇಕು," ಅನ್ನುತ್ತಿದ್ದಳು. ಬೇರೆ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ನಿಜಾಮನ ಆಳ್ವಿಕೆಯ ಕೊನೆಗಾಲದಲ್ಲಿ ಸಾಹೇಬರು ಬರುವುದು ನಿಂತಿತು. ಒಬ್ಬ ಗುತ್ತೇದಾರ ಹರಾಜಿನಲ್ಲಿ ಬಂಗಲೆಯ ಮರಮುಟ್ಟನ್ನೆಲ್ಲ ಹಿಡಿದ. ಸುದ್ದಿ ಕೇಳಿ ಅವ್ವ ಗುಡ್ಡ ಹತ್ತಿದಾಗ ಚಾವಣಿಯೇ ಇರಲಿಲ್ಲ. ಅವಳು ನೋಡಬಯಸಿದ ದೊಡ್ಡ ಕೋಣೆಯಲ್ಲಿ ಆಡುಗಳು ಅಡ್ಡಾಡುತ್ತಿದ್ದವು. ಈಗ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು, ಆದರೆ ಒಳಗೆ ಅನ್ನುವುದೇ ಉಳಿದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ದಿನ ಅವಳು ರೊಟ್ಟಿ ಮುಟ್ಟಲಿಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. ಮರುದಿನ ಬಂಡಿಯಲ್ಲಿ ಮೇವಿನ ಕೆಳಗೆ ಮುಚ್ಚಿ ಆ ಮುಂಬಾಗಿಲನ್ನೇ ಮನೆಗೆ ತಂದ.

"ತಗೋ, ಇನ್ನ ದಿನಾ ಇದ್ರಾಗಿಂದನ ಓಡ್ಯಾಡು," ಎಂದ.

ಬಡಿಗ ಕೆಳಗೊಂದು ಗೇಣು ಕೊಯ್ದು ನಮ್ಮ ಮಣ್ಣಿನ ಮನೆಗೆ ಅದನ್ನು ಕೂಡಿಸಿದ. ಗುತ್ತೇದಾರನ ಆಳುಗಳು ಗುರುತು ಹಿಡಿದರೆ ಕುತ್ತಿಗೆಗೆ ಬರುತ್ತದೆಂದು, ಅಪ್ಪ ಸಿಂಹದ ಮುಖ ಒಳಗೆ ಬರುವಂತೆ ತಿರುಗಿಸಿ ಹಾಕಿಸಿದ. ಈಗ ಹೊರಗೆ ಬಂದ ಮೈಗೆ ಸುಣ್ಣ ಬಳಿದ. ದೊಡ್ಡ ಜಾಣತನ ಮಾಡಿದೆ ಅಂದುಕೊಂಡ, ಪಾಪ.

ಸಂಜೆ ಅವ್ವ ಹೊಸ್ತಿಲಿಗೆ ಅರಿಶಿನ ಹಚ್ಚಿ, ನಗುತ್ತ ಒಳಗೆ ಬಂದು ಬಾಗಿಲು ಹಾಕಿದಳು. ಎದುರಿಗೆ ಅದೇ ಸಿಂಹ, ಅದೇ ಹಿತ್ತಾಳೆ, ಹೊರಗೆ ನಿಂತು ತಿಕ್ಕಿದ ಅದೇ ಮೈ. ಅವಳ ನಗು ಆರಿತು.

"ನನ್ನ ಮನ್ಯಾಗೂ ನನ್ನ ಹೊರಗ ನಿಂದ್ರಿಸಿದ್ರಲ್ರಿ," ಎಂದಳು.

ಅವಳು ಸಾಯುವತನಕ ಹಿತ್ತಲ ಬಾಗಿಲಿಂದಲೇ ಓಡಾಡಿದಳು.