ಕರಿಮೊಲದೊಳಗಿನ ಬಿಳಿ

ಮೊಲ ಸಾಕುವ ಮಾತನ್ನು ಝೀಟಾ ಮೊದಲು ಕೇಳಿದ್ದು ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಗಂಡ ಬ್ಯಾಪ್ಟಿಸ್ಟ್ ಬೊಂಬಾಯಿಯಿಂದ ರಜೆಗೆ ಬಂದ ದಿನ. ಕಲ್ಯಾಣಪುರದ ಮನೆಯ ಜಗಲಿಗೆ ಟ್ರಂಕು ಇಳಿಸುತ್ತಲೇ ಅವನೆಂದ: "ಮಣಿಪಾಲದ ಪ್ರಯೋಗಾಲಯಕ್ಕೆ ಬಿಳಿ ಮೊಲ ಬೇಕಂತೆ. ಅದು ಕೈಹಿಡಿದರೆ ನಾನಿನ್ನು ಹೋಟೆಲಿನ ಒಲೆ ಮುಂದೆ ನಿಲ್ಲುವುದಿಲ್ಲ."

ವರ್ಷಕ್ಕೊಂದು ತಿಂಗಳ ಗಂಡ ಅವನು. ಝೀಟಾ ಮರುದಿನವೇ ಗೂಡಿಗೆ ಬಿದಿರು ಸೀಳಲು ಕುಳಿತಳು.

ಬಿಳಿಯದು ಗಂಡು ಒಂದೇ ಸಿಕ್ಕಿತು, ಹೆಣ್ಣುಗಳೆಲ್ಲ ಕಪ್ಪು. "ಬಣ್ಣ ಯಾವಾಗಲೂ ಗಂಡಿನದು" ಎಂದು ಬ್ಯಾಪ್ಟಿಸ್ಟ್ ಮೀಸೆ ತಿರುವಿದ. ರಜೆ ಮುಗಿದರೂ ಹೋಗದೆ ಕಾದ. ಹುಟ್ಟಿದ ಮರಿಗಳೆಲ್ಲ ಇದ್ದಿಲಿನಂತೆ ಕಪ್ಪು. ನೆರೆಮನೆಯ ಗ್ಲ್ಯಾಡಿಸ್‌ಬಾಯಿ ಬೇಲಿಯಾಚೆ ನಕ್ಕಳು: "ಎಂತ ಬ್ಯಾಪ್ಟಿಸ್ಟಾ, ಬಿಳಿಯನ್ನೆಲ್ಲ ಬೊಂಬಾಯಿಯಲ್ಲೇ ಬಿಟ್ಟು ಬಂದ್ಯಾ?" ಮರಿಗಳು ಬೆಳೆಯುವಷ್ಟರಲ್ಲಿ ಬಿಳಿ ಗಂಡನ್ನೂ ನಾಯಿ ಹಿಡಿಯಿತು. ಬ್ಯಾಪ್ಟಿಸ್ಟ್ ಮತ್ತೆ ಬೊಂಬಾಯಿಗೆ ಹೊರಡಲು ಟ್ರಂಕು ಒರೆಸಿದ.

ಝೀಟಾಳದು ಬೆಕ್ಕಿನ ಕಣ್ಣು. ಅದಕ್ಕೆ ಬೆರಳು ತೋರಿಸಿ ಅವಳೆಂದಳು: "ಇದು ಅಜ್ಜಿಗಿತ್ತು, ಅಮ್ಮನಿಗಿರಲಿಲ್ಲ, ನನಗೆ ಬಂತಲ್ವಾ? ಈ ಮರಿಗಳ ಅಪ್ಪನ ಬಿಳಿಯೂ ಹಾಗೇ ಇವುಗಳೊಳಗೆ ಕೂತಿರ್ತದೆ. ಇವುಗಳನ್ನೇ ಜೋಡಿ ಮಾಡಿ ನೋಡುವ."

ಬ್ಯಾಪ್ಟಿಸ್ಟ್ ಶಿಲುಬೆ ಗುರುತು ಹಾಕಿಕೊಂಡ. "ಅಣ್ಣ ತಂಗಿ ಮಾರಾಯ್ತಿ! ನಮ್ಮಲ್ಲಿ ಅತ್ತೆಮಗಳನ್ನು ಕಟ್ಟಿಕೊಳ್ಳಲಿಕ್ಕೇ ಬಿಷಪರ ಅಪ್ಪಣೆ ಬೇಕು."

"ಮೊಲಕ್ಕೆ ಜ್ಞಾನಸ್ನಾನ ಮಾಡಿಸಿದ್ದು ಯಾವ ಪಾದ್ರಿ? ಪಾಪ ಉಂಟಾದರೆ ನನಗಿರಲಿ" ಎಂದು ಝೀಟಾ ಅವನ ಕಣ್ಣೆದುರೇ ಗೂಡಿನ ನಡುವಿನ ತಡಿಕೆ ಎತ್ತಿದಳು. ಅವನು ಮುಖ ತಿರುಗಿಸಿ ಇಗರ್ಜಿಗೆ ನಡೆದ.

ಮುಂದಿನ ಸೂಲಿನಲ್ಲಿ ಕರಿಯ ಮರಿಗಳ ನಡುವೆ ಎರಡು ಬಿಳಿ, ಕೆಂಪು ಕಣ್ಣಿನವು. ಒಂದು ಗಂಡು, ಒಂದು ಹೆಣ್ಣು. ಬ್ಯಾಪ್ಟಿಸ್ಟ್ ಟ್ರಂಕನ್ನು ಅಟ್ಟಕ್ಕೇರಿಸಿದ.

ಆಮೇಲೆ ಬಿಳಿಗೆ ಬರಗಾಲವಿರಲಿಲ್ಲ. ಆದರೆ ಜೋಡಿ ಕೂಡಿಸುವುದು ಎಂದೆಂದೂ ಝೀಟಾಳ ಕೆಲಸ. ಆ ಹೊತ್ತಿಗೆ ಬ್ಯಾಪ್ಟಿಸ್ಟನಿಗೆ ಬಾವಿಯಲ್ಲಿ ನೀರು ಸೇದುವ ನೆನಪಾಗುತ್ತಿತ್ತು. ಮಣಿಪಾಲಕ್ಕೆ ಮೊಲ ಕೊಟ್ಟು ಬರುವಾಗ ಖಾಲಿ ಬುಟ್ಟಿಯಲ್ಲಿ ಉಡುಪಿಯ ಹೋಟೆಲಿನಲ್ಲಿ ಕರಿದ ಬಿಸ್ಕುಟ್ ಅಂಬಡೆ ತರುತ್ತಿದ್ದ. ಅದಕ್ಕೆ ಮೊಲದ ಹುಲ್ಲಿನ ವಾಸನೆ ಹಿಡಿದಿರುತ್ತಿತ್ತು. ಅಷ್ಟು ರುಚಿಯ ಅಂಬಡೆ ಆಮೇಲೆ ಅವಳಿಗೆ ಸಿಗಲಿಲ್ಲ.

ಅರವತ್ತೆಂಟರಲ್ಲಿ ಬ್ಯಾಪ್ಟಿಸ್ಟ್ ಹಾಸಿಗೆ ಹಿಡಿದ. ಪಾದ್ರಿ ಬಂದು ಪಾಪನಿವೇದನೆ ಕೇಳಿ ಹೋದರು. ಗಂಜಿ ತಂದ ಝೀಟಾಳ ಸೆರಗು ಹಿಡಿದು ಅವನೆಂದ: "ಮೊಲದ್ದು ಹೇಳಲಿಲ್ಲ."

"ಅದು ನಿಮ್ಮದಲ್ಲ, ನನ್ನದು. ಗಂಜಿ ಕುಡಿಯಿರಿ."

"ಅದರಿಂದಲೇ ಇಷ್ಟು ವರ್ಷ ಮನೆಯಲ್ಲೇ ಉಂಡು ಮಲಗಿದ್ದು ನಾನಲ್ವಾ?" ಅವನು ಸೆರಗು ಬಿಡಲಿಲ್ಲ. "ಆ ಪಾಪದಲ್ಲಿ ಅರ್ಧ ನನಗೆ ಕೊಡು, ಝೀಟಾ."