ಅಫಜಲಪುರದಲ್ಲಿ ಒಂದು ಸಂಜೆ ಕರಾಟೆ

ಜೇವರ್ಗಿಯಲ್ಲಿ ಕಾಕಾನ ಮಗಳ ಮದುವೆ ಎಂದು ಅವ್ವ ಫೋನು ಮಾಡಿದಾಗ, ಅವನೂ ಬರುತ್ತಾನಾ ಎಂದು ನಾನು ಮೊದಲು ಕೇಳಿದೆ. ಬರದೆ ಇರುತ್ತಾನೇನು, ಅವನಿಗೂ ಸೋದರಮಾವನ ಮಗಳೇ ಅಲ್ಲವೇ ಅಂದಳು ಅವ್ವ.

ಅವನು ನನ್ನ ಗಂಡನಾಗಿದ್ದವನು. ಅಪ್ಪನ ಖಾಸಾ ಅಕ್ಕನ ಮಗ. ಸೋದರತ್ತೆಯ ಮನೆಗೇ ಸೊಸೆಯಾಗಿ ಹೋಗಿದ್ದರಿಂದ, ಸಂಬಂಧ ಮುರಿದ ಮೇಲೂ ನಮ್ಮಿಬ್ಬರ ಬಳಗ ಒಂದೇ ಆಗಿ ಉಳಿದಿತ್ತು. ಕೋರ್ಟಿನ ತೀರ್ಪು ಬಂದದ್ದೇ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯ ಕೆಲಸ ಹಿಡಿದು ದೂರ ಹೋದೆ. ಅವನು ಮರುಮದುವೆಯಾದ.

ಅವನು ನನ್ನನ್ನು ಒಮ್ಮೆಯೂ ಹೊಡೆದಿರಲಿಲ್ಲ. ಹೊಡೆದರೆ ಗುರುತು ಉಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಬಲಗೈಯ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುವಿ, ಹೆಗಲಿನ ಕೀಲು ಕಟಕ್ಕೆನ್ನುವವರೆಗೂ ಮೇಲೆತ್ತುತ್ತಿದ್ದ. ಕಿವಿಯ ಹತ್ತಿರ ಬಾಯಿ ತಂದು, "ಸಪ್ಪಳ ಬ್ಯಾಡ" ಅನ್ನುತ್ತಿದ್ದ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಅದೇ, ತವರಿಗೆ ಹೋಗಿ ಬರುತ್ತೇನೆ ಅಂದರೂ ಅದೇ. ಹೊರಗೆ ಅವನಷ್ಟು ಮೆತ್ತಗೆ ಮಾತಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಿರಿಯರ ಮುಂದೆ ತಲೆ ಎತ್ತುತ್ತಿರಲಿಲ್ಲ, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುತ್ತಿದ್ದ. ನಾನು ಮನೆ ಬಿಟ್ಟು ಬಂದಾಗ ಬಳಗವೆಲ್ಲ ಕೂಡಿ, ಓದಿದ ಹುಡುಗಿಯ ಸೊಕ್ಕು ಎಂದು ತೀರ್ಮಾನಿಸಿತು. ಈಗಲೂ ಮೇಲಿನ ಅರೆಯಿಂದ ಪುಸ್ತಕ ತೆಗೆಯಲು ಕೈ ಎತ್ತಿದರೆ ಹೆಗಲು ಚುಳುಕ್ಕೆನ್ನುತ್ತದೆ. ಚುಳುಕ್ಕೆಂದಾಗಲೆಲ್ಲ ಅವನಿಗೆ ಕೆಟ್ಟದಾಗಲಿ ಎಂದು ಬಯಸಿದ್ದೇನೆ.

ರಜೆ ಹಾಕಿ ಆಳಂದದ ತವರಿಗೆ ಹೋದೆ. ಘತ್ತರಗಿಯ ಭಾಗ್ಯವಂತಿ ದೇವಿಗೆ ಅವ್ವ ಯಾವುದೋ ಹರಕೆ ಹೊತ್ತಿದ್ದಳು. ಅದನ್ನು ಮುಗಿಸಿ, ಅಫಜಲಪುರದಲ್ಲಿ ನನ್ನ ಗೆಳತಿಯ ಮನೆಯಲ್ಲಿ ಉಳಿದು, ಅಲ್ಲಿಂದ ಜೇವರ್ಗಿಗೆ ಹೋಗುವುದೆಂದಾಯಿತು. ಭೀಮಾ ನದಿಯಲ್ಲಿ ಕಾಲು ತೊಳೆದು ಗುಡಿಯೊಳಗೆ ನಿಂತಾಗ ಅವ್ವ ಕಣ್ಣು ಮುಚ್ಚಿ ಬಹಳ ಹೊತ್ತು ತುಟಿ ಆಡಿಸಿದಳು. ನಾನೂ ಕೈ ಮುಗಿದೆ. ಹೊರಗೆ ಬಂದ ಮೇಲೆ, ಏನು ಬೇಡಿಕೊಂಡೆ ಎಂದು ಕೇಳಿದಳು. ಎಲ್ಲರಿಗೂ ಒಳ್ಳೆಯದಾಗಲಿ ಅಂದೆ ಎಂದೆ. ನಾನು ಬೇಡಿದ್ದು ಅವನ ಬಲಗೈ ಮುರಿದು ಬೀಳಲಿ ಎಂದು.

ಗೆಳತಿ ಅಫಜಲಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಶಿಕ್ಷಕಿ. ಊರಿಗೆ ಯಾರೇ ಬಂದರೂ ಅವಳು ತೋರಿಸುವುದು ಒಂದನ್ನೇ, ತನ್ನ ಶಾಲೆಯ ಹುಡುಗಿಯರ ಕರಾಟೆ. "ಗುಡಿ ಎಲ್ಲಾ ಊರಾಗೂ ಅದಾವ ಬೇ, ಇದನ್ನ ನೋಡು ಬಾ" ಎಂದು ಸಂಜೆ ಎಬ್ಬಿಸಿಕೊಂಡು ಹೋದಳು. ಬರೀ ನೋಡಿದರೆ ಏನು ಬಂತು, ಒಂದು ಪಾಠ ಮಾಡಿಯೇ ನೋಡು ಎಂದು ತನ್ನ ಹಳೆಯ ಚೂಡಿದಾರವನ್ನೂ ತೊಡಿಸಿದ್ದಳು. ಕಾಶ್ಮೀರಕ್ಕೆ ಹೋದವರು ಅಲ್ಲಿಯವರ ನಿಲುವಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳುವ ಹಾಗೆ, ನಾನೂ ಹುಡುಗಾಟಕ್ಕೆಂದೇ ಒಪ್ಪಿದ್ದೆ.

ಶಾಲೆಯ ಹಿಂದೆ ತಗಡಿನ ಶೆಡ್ಡು. ನೆಲಕ್ಕೆ ಹಾಸಿದ ನೀಲಿ ತಾಡಪತ್ರಿ. ಕಲಿಸುವವಳು ಇಪ್ಪತ್ತೈದರ ಆಸುಪಾಸಿನ ಮುಸ್ಲಿಂ ಹುಡುಗಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದಳು, ಸೊಂಟಕ್ಕೆ ಸವೆದ ಕಪ್ಪು ಪಟ್ಟಿ. ಎಲ್ಲ ಜಾತಿಯ ಹುಡುಗಿಯರೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ನಾನು ನಲವತ್ತು ದಾಟಿದವಳು, ಸೊಂಟನೋವಿನವಳು, ಏಳನೆಯ ಇಯತ್ತೆಯ ಹುಡುಗಿಯರ ಸಾಲಿನ ಕೊನೆಗೆ ನಿಂತೆ. ಮೊದಲು ಬಾಗಿ ನಮಸ್ಕಾರ. ಆಮೇಲೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕುದುರೆಯ ಮೇಲೆ ಕುಂತ ಹಾಗೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೇ ನನ್ನ ತೊಡೆಗಳು ನಡುಗಿದವು. ಪಕ್ಕದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮುಷ್ಟಿ ಕಟ್ಟುವುದಕ್ಕೂ ಒಂದು ರೀತಿಯಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನಾನು ಹೆಬ್ಬೆರಳನ್ನು ಒಳಗೆ ಮಡಚಿಟ್ಟಿದ್ದೆ. ಆಪಾ ಅದನ್ನು ಬಿಡಿಸಿ ಹೊರಗೆ ಕೂರಿಸಿ, ಒಳಗಿಟ್ಟು ಹೊಡೆದರೆ ನಿಮ್ಮದೇ ಬೆರಳು ಮುರಿಯುತ್ತದೆ ಅಂದಳು. ಅವಳು ಜಪಾನಿ ಭಾಷೆಯಲ್ಲಿ ಎಣಿಸುತ್ತ ಹೋದಳು, ಇಚಿ, ನಿ, ಸನ್, ನಮ್ಮ ಕಡೆಯ ಉರ್ದುವಿನ ಎಳೆತದಲ್ಲಿ. ಒಂದೊಂದಕ್ಕೂ ಒಂದೊಂದು ಗುದ್ದು. ನನ್ನ ಮುಂದೆ ಬರೀ ಗಾಳಿಯಿತ್ತು. ಎರಡನೆಯ ಗುದ್ದಿಗೆ ಆ ಗಾಳಿಯಲ್ಲಿ ಅವನ ಮುಖ ಬಂದು ನಿಂತಿತು. ಮೂಗಿಗೆ ಹೊಡೆದೆ. ಬಾಯಿಗೆ ಹೊಡೆದೆ. 'ಸಪ್ಪಳ ಬ್ಯಾಡ' ಎಂದ ಬಾಯಿಗೆ ಮತ್ತೆ ಮತ್ತೆ ಹೊಡೆದೆ. ಎಣಿಕೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಹುಡುಗಿಯರೆಲ್ಲ ಕೈ ಇಳಿಸಿ ನನ್ನತ್ತ ನೋಡುತ್ತಿದ್ದರು.

ಆಪಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕಾ, ಯಾರಿಗಿ ಹೊಡ್ಯಾಕತ್ತೀರಿ?"

"ಗಂಡ ಆಗಿದ್ದವನಿಗಿ" ಅಂದೆ.

ಅವಳು ಬೆರಗಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಏನು ಮಾಡುತ್ತಿದ್ದ ಎಂದಷ್ಟೇ ಕೇಳಿದಳು. ತೋರಿಸಿದೆ. ಅವಳು ನನ್ನ ಹಿಂದೆ ಬಂದು, ಹೇಳಿಯೇ, ಮಣಿಕಟ್ಟು ಹಿಡಿದು ತುಸುವೇ ತಿರುವಿದಳು. ನೋವೇನೂ ಆಗಲಿಲ್ಲ. ಆದರೆ ನನ್ನ ಮೈ ಅಲ್ಲೇ ಮರಗಟ್ಟಿತು, ಕತ್ತಿನ ಹಿಂದೆ ಬೆವರು ಇಳಿಯಿತು. ಅವಳು ತಕ್ಷಣ ಕೈ ಬಿಟ್ಟಳು. ಕುಡಿಯಲು ನೀರು ತರಿಸಿ, ಗೋಡೆಗೆ ಒರಗಿಸಿ ಕೂರಿಸಿದಳು. ಎದುರಾಳಿಯ ಹೆಬ್ಬೆರಳು ಇರುವ ಕಡೆಗೆ ಕೈ ಜಗ್ಗಿದರೆ ಹಿಡಿತ ತಪ್ಪುತ್ತದೆ ಎಂದು ತೋರಿಸಿದಳು. ಹಲವು ಸಲ ಮಾಡಿ ನೋಡಿದೆ, ಒಂದೆರಡು ಸಲ ಬಂತು. ಮದುವೆಗೆ ಹೋಗುವವಳಿದ್ದೇನೆ, ಅಲ್ಲಿ ಅವನಿರುತ್ತಾನೆ, ಒಂದೇ ಒಂದು ಏಟು ಸರಿಯಾಗಿ ಬೀಳುವ ಹಾಗೆ ಹೇಳಿಕೊಡು ಎಂದು ಬೇಡಿಕೊಂಡೆ.

"ಹೊಡಿಯೂದು ಬರ್ಬೇಕಂದ್ರ ವರ್ಷ ಹಿಡೀತದ್ರಿ ಅಕ್ಕಾ. ಒದರೂದು ಇವತ್ತ ಬರ್ತದ. ಅದನ್ನ ಕಲೀರಿ" ಅಂದಳು ಆಪಾ.

ಏಟಿನ ಜೊತೆಗೆ ಹೊಟ್ಟೆಯೊಳಗಿಂದ ಕೂಗು ಹಾಕುವುದು ಕರಾಟೆಯ ಒಂದು ಪಾಠ. ಹುಡುಗಿಯರು ಕೂಗಿದರೆ ತಗಡು ಝೇಂಕರಿಸುತ್ತಿತ್ತು. ನನ್ನದು ಬೆಕ್ಕು ಸೀನಿದಂತೆ ಬಂತು. ಗಂಟಲಿನಿಂದ ಬೇಡ, ಹೊಕ್ಕುಳಿನಿಂದ ಎಂದು ಆಪಾ ನನ್ನ ಹೊಟ್ಟೆಯ ಮೇಲೆ ಅಂಗೈ ಒತ್ತಿ ನಿಂತಳು. ಅವತ್ತು ಕತ್ತಲಾಗುವ ಹೊತ್ತಿಗೆ ನನಗೊಂದು ಕೂಗು ಬಂದಿತ್ತು. ಗೆಳತಿ ಗೇಟಿನ ಹತ್ತಿರ ನಿಂತಿದ್ದವಳು ಕೇಳಿ ಓಡಿ ಬಂದಳು.

ಮದುವೆಯ ದಿನ ತೊಡೆ ಹಿಡಿದುಕೊಂಡು, ಕುಂತರೆ ಏಳಲಾಗದು, ಎದ್ದರೆ ಕೂರಲಾಗದು. ಜೇವರ್ಗಿಯ ಕಲ್ಯಾಣ ಮಂಟಪದಲ್ಲಿ ಅದಕ್ಕೇ ಕುರ್ಚಿ ಹಿಡಿದು ಕೂತೆ. ಅವನನ್ನು ನೋಡಿದೆ. ಕೂದಲಿಗೆ ಬಣ್ಣ ಹಚ್ಚಿದ್ದ, ಬಿಳಿ ಅಂಗಿ, ಬಂದವರನ್ನೆಲ್ಲ ಎರಡೂ ಕೈ ಮುಗಿದು ಬರಮಾಡಿಕೊಳ್ಳುತ್ತಿದ್ದ. ಎಲ್ಲರೂ ಅವನ ಹೆಗಲು ತಟ್ಟಿ ಮುಂದೆ ಹೋಗುತ್ತಿದ್ದರು. ನನ್ನ ಪಕ್ಕದ ಕುರ್ಚಿಗೆ ಅವನ ಈಗಿನ ಹೆಂಡತಿ ಬಂದು ಕೂತಳು. ತೆಳ್ಳಗಿನ ಹೆಣ್ಣು. ನಾನು ಯಾರೆಂದು ಅವಳಿಗೆ ಗೊತ್ತಿತ್ತು. ಸೀರೆ ಚಂದ ಅದ ಅಂದಳು. ನಿಂದೂ ಚಂದ ಅದ ಅಂದೆ. ಅಷ್ಟೇ ನಮ್ಮ ಮಾತು. ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಅಕ್ಷತೆಯ ಅಕ್ಕಿಕಾಳನ್ನು ಎಡಗೈಯಿಂದ ಹಾಕಿದಳು. ಆ ಬಲಗೈ ಯಾಕೆ ಮೇಲೇಳದೆಂದು ನನಗೆ ಗೊತ್ತಿತ್ತು.

ನಾವಿಬ್ಬರೂ ಮಾತಾಡಿದ್ದನ್ನು ಅವನು ವೇದಿಕೆಯ ಹತ್ತಿರದಿಂದ ನೋಡಿದ್ದ. ಊಟದ ಹಾಲಿನ ಬಾಗಿಲ ಪಕ್ಕದಲ್ಲಿ ಕೈ ತೊಳೆಯುವ ನಲ್ಲಿಗಳಿದ್ದವು. ನಾನು ಅಲ್ಲಿ ನಿಂತಾಗ ಹಿಂದಿನಿಂದ ಬಂದು, ನೋಡುವವರಿಗೆ ಮಾತಾಡಿಸುತ್ತಿದ್ದಾನೆ ಅನ್ನಿಸುವ ಹಾಗೆ ನಗುತ್ತಲೇ, ನನ್ನ ಬಲ ಮಣಿಕಟ್ಟು ಹಿಡಿದ.

"ಆಕಿ ಕಿವ್ಯಾಗ ಏನ್ ಊದಿದಿ?"

ಹೆಬ್ಬೆರಳಿನ ಕಡೆಗೆ ಜಗ್ಗಿದೆ. ಕೈ ಬಿಡಿಸಿಕೊಳ್ಳಲಾಗಲಿಲ್ಲ. ಅವನ ಹಿಡಿತ ಬಿಗಿಯಾಯಿತು, ನಿಧಾನವಾಗಿ ಬೆನ್ನಿನ ಹಿಂದಕ್ಕೆ ತಿರುವತೊಡಗಿದ. ಕಾಲು ಹೇಗಿಡಬೇಕು, ಮುಷ್ಟಿ ಹೇಗೆ ಕಟ್ಟಬೇಕು, ಯಾವುದೂ ನೆನಪಿಗೆ ಬರಲಿಲ್ಲ. ಕೂಗು ಮಾತ್ರ ಬಂತು. ಅದರಲ್ಲಿ ಶಬ್ದಗಳಿರಲಿಲ್ಲ. ಹೊಕ್ಕುಳಿನಿಂದ ಎದ್ದು ಹಾಲಿನ ಕೊನೆಯ ಪಂಕ್ತಿಗೂ ಮುಟ್ಟಿತು. ಬಡಿಸುವವರು ಬಕೆಟ್ಟು ಹಿಡಿದು ಹಾಗೇ ನಿಂತರು. ಎಲ್ಲರೂ ಬಾಗಿಲಿನತ್ತ ತಿರುಗಿದರು. ಗಾಬರಿಯಲ್ಲಿ ಅವನು ಕೈ ಬಿಡುವುದನ್ನೇ ಮರೆತ. ನನ್ನ ಕೈ ಬೆನ್ನ ಹಿಂದೆ, ಅವನ ಮುಷ್ಟಿಯಲ್ಲಿ ಇದ್ದದ್ದನ್ನು ನಮ್ಮ ಬಳಗವೆಲ್ಲ ಕಣ್ಣಾರೆ ಕಂಡಿತು.

ಕೈ ಬಿಟ್ಟು ನಕ್ಕ. ತಮಾಷೆ ಮಾಡುತ್ತಿದ್ದೆ ಅಂದ.

ನಾನು ದನಿ ಇಳಿಸಲಿಲ್ಲ. "ಈ ತಮಾಷಾ ನನ್ನ ಜೋಡಿ ದಿನಾ ಮಾಡ್ತಿದ್ದ ರೀ ಇವ. ಕೀಲು ಕಟಕ್ಕನ್ನೂತನಾ ತಿರುವತಿದ್ದ. ಅದಕ್ಕ ಬಿಟ್ಟ ಬಂದೇನಿ. ಓದಿದ ಸೊಕ್ಕಿಗಲ್ಲ."

ಮದುಮಗಳ ತಂದೆ, ನನ್ನ ಕಾಕಾ, ಹೆಗಲ ಮೇಲಿನ ಟವೆಲು ತೆಗೆದು ಕೈ ಒರೆಸಿಕೊಳ್ಳುತ್ತ ಬಂದ. ನನ್ನದು ಸೊಕ್ಕು ಎಂದು ಹೇಳಿದವರಲ್ಲಿ ಅವನೂ ಒಬ್ಬ. ನನ್ನ ಮಣಿಕಟ್ಟಿನ ಮೇಲೆ ಕೆಂಪಗೆ ಮೂಡಿದ್ದ ಬೆರಳುಗಳನ್ನು ನೋಡಿದ. ಆಮೇಲೆ ಗಂಡನಾಗಿದ್ದವನ ಮುಖ ನೋಡದೆ ಅವನಿಗೆ, "ನೀ ಮನಿಗಿ ನಡಿ" ಅಂದ.

ಅವನು ಹೊರಟ. ನಾನು ಬಾಗಿಲವರೆಗೂ ಅವನ ಹಿಂದೆಯೇ ಹೋದೆ. ಹೊರಗೆ ಚಪ್ಪಲಿಗಳ ರಾಶಿ. ತನ್ನದನ್ನು ಹುಡುಕಲು ಅವನು ಬಗ್ಗಬೇಕಾಯಿತು, ಒಂದು ಸಿಕ್ಕರೆ ಇನ್ನೊಂದು ಸಿಗಲಿಲ್ಲ. ಬೆಳಿಗ್ಗೆ ಹೆಗಲು ತಟ್ಟಿದವರು ಈಗ ಸುಮ್ಮನೆ ನಿಂತು ನೋಡಿದರು. ಅವನ ಕಿವಿಗಳು ಕೆಂಪಾಗಿದ್ದವು. ಇನ್ನೂ ಸ್ವಲ್ಪ ಹೊತ್ತು ಸಿಗದಿರಲಿ ಎಂದು ಮನಸಾರೆ ಬಯಸಿದೆ. ನಾನು ಅಷ್ಟು ಸುಖಪಟ್ಟು ಏನನ್ನೂ ನೋಡಿದ ನೆನಪಿಲ್ಲ. ಅವನ ಹೆಂಡತಿ ತಲೆ ತಗ್ಗಿಸಿ ಅವನ ಹಿಂದೆ ಹೋದಳು. ಆ ಸುಖದಲ್ಲಿ ಅದೊಂದು ಮುಳ್ಳು.

ನಾನು ಒಳಗೆ ಬಂದು ಎಲೆಯ ಮುಂದೆ ಕೂತೆ. ಎದುರಿಗೆ ಸೋದರತ್ತೆ, ಅವನ ತಾಯಿ, ಬಂದು ನಿಂತಳು. ವಯಸ್ಸಾಗಿತ್ತು, ಕೋಲು ಹಿಡಿದಿದ್ದಳು.

"ಇಷ್ಟ ಮಂದ್ಯಾಗ ಹೇಳಬೇಕಿತ್ತೇನ ಯವ್ವಾ? ಮನ್ಯಾಗ ಒಬ್ಬರಿಗಿ ಹೇಳಿದ್ರ ಆಗ್ತಿದ್ದಿಲ್ಲೇನು?"

"ಒಬ್ಬರಿಗಿ ಹೇಳಿದ್ನಲ್ಲಾ ಅತ್ತಿ" ಅಂದೆ. "ನಿಮಗ ಹೇಳಿದ್ದೆ."

ಮದುವೆಯಾದ ಹೊಸತರಲ್ಲಿ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಹೆಗಲು ತೋರಿಸಿ ಅತ್ತಿದ್ದೆ. ಅವನ ಕೈ ತುಸು ಬಿರುಸು ಎಂದು ಹೇಳಿ ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದ್ದಳು. ಈಗ ಅವಳಿಗೆ ಅದು ನೆನಪಿಗೆ ಬಂದದ್ದು ಮುಖದಲ್ಲಿ ಕಂಡಿತು. ಕೂರು ಎಂದು ನಾನು ಅನ್ನಲಿಲ್ಲ. ಅವಳು ಕೋಲೂರಿಕೊಂಡು ಆಚೆ ಹೋದಳು. ಅವ್ವ ನನ್ನ ಎಲೆಗೆ ಹೋಳಿಗೆ ಹಾಕಿ, ಉಣ್ಣು ಅಂದಳು. ನಾನು ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ಉಂಡೆ.

ಶುಭಕಾರ್ಯದಲ್ಲಿ ಹೀಗೆ ಮಾಡಬಾರದಿತ್ತು ಎಂದು ಈಗಲೂ ಕೆಲವರು ಅನ್ನುತ್ತಾರೆ. ಮದುಮಗಳು ಹಾಗೆ ಅಂದಿಲ್ಲ. ದೀಪಾವಳಿಗೆ ಕಾಕಿ ಫೋನು ಮಾಡಿ ಸುದ್ದಿ ಹೇಳಿದಳು. ಅವನ ಹೆಂಡತಿ ಯಡ್ರಾಮಿಯ ತವರಿಗೆ ಬಂದು ಕೂತಿದ್ದಾಳಂತೆ, ಹಿರಿಯರು ಪಂಚಾಯ್ತಿಗೆ ಕೂಡಿದರಂತೆ, ಈ ಸಲ ಅವನನ್ನೇ ನಿಲ್ಲಿಸಿ ಕೇಳಿದರಂತೆ. ಮೆತ್ತಗೆ ಮಾತಾಡಲು ಹೋದನಂತೆ, ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಬೇಕು ಎಂದನಂತೆ ಕಾಕಾ. ಆ ಭಾಗವನ್ನು ಕಾಕಿಯಿಂದ ಇನ್ನೊಮ್ಮೆ ಹೇಳಿಸಿಕೊಂಡೆ.

ಅವನೀಗ ಬಳಗದ ಯಾವ ಕಾರ್ಯಕ್ಕೂ ಬರುವುದಿಲ್ಲ. ಕಳೆದ ತಿಂಗಳು ಸರಸಂಬಾದಲ್ಲಿ ಒಂದು ಮಗುವಿನ ಕೂದಲು ತೆಗೆಯುವ ಜವಳ ಇತ್ತು. ದೂರದ ಸಂಬಂಧ, ಹೋಗಲೇಬೇಕೆಂದಿರಲಿಲ್ಲ. ನಾನು ರಜೆ ಹಾಕಿ, ದಾವಣಗೆರೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಂತು, ಬೆಳಗಿನ ಹೊತ್ತಿಗೆ ಅಲ್ಲಿದ್ದೆ.